ನಡುಮಧ್ಯಾಹ್ನದ ಕೆಂಪು ಚುಕ್ಕೆ

ಕುವೈತಿನ ಸಬ್ಹಾನಿನಲ್ಲಿರುವ ನಮ್ಮ ಗೋದಾಮಿನಲ್ಲಿ ನಾನು ಒಬ್ಬ ಮನುಷ್ಯನ ಕೆನ್ನೆಗೆ ಹೊಡೆದದ್ದು ಒಂದೇ ಸಲ. ಅವನು ಮಾಡಿದ ತಪ್ಪು ಇಷ್ಟೇ: ಬಾರ್‌ಕೋಡ್ ಓದುವ ಸ್ಕ್ಯಾನರನ್ನು ನನ್ನ ಎದೆಗೆ ಹಿಡಿದು ಟ್ರಿಗರ್ ಒತ್ತಿದ್ದ.

ನಮ್ಮ ಗೋದಾಮಿನ ಕಪಾಟುಗಳು ಮೂರು ಆಳಿನಷ್ಟು ಎತ್ತರ. ಮೇಲಿನ ಪೆಟ್ಟಿಗೆಗೆ ಅಂಟಿಸಿದ ಚೀಟಿಯನ್ನು ಕೆಳಗೆ ನಿಂತೇ ಓದಲು ಕಂಪನಿ ಆ ವಾರವಷ್ಟೇ ಹೊಸ ಸ್ಕ್ಯಾನರ್ ತರಿಸಿತ್ತು. ಹಿಡಿಕೆ ಥೇಟ್ ಪಿಸ್ತೂಲಿನದು. ಟ್ರಿಗರನ್ನು ಅರ್ಧ ಒತ್ತಿದರೆ ಕೆಂಪು ಚುಕ್ಕೆ ಬೀಳುತ್ತದೆ, ಪೂರ್ತಿ ಒತ್ತಿದರೆ ಬೀಪ್ ಎನ್ನುತ್ತದೆ. ನಮ್ಮ ಸ್ಟೋರ್‌ಕೀಪರ್ ದಕ್ಷಿಣ ಕನ್ನಡದ ಬ್ಯಾರಿ, ನಲವತ್ತೈದು ದಾಟಿದ ಮೂರು ಮಕ್ಕಳ ತಂದೆ, ಇಡೀ ಗೋದಾಮನ್ನು ನಗಿಸುವವನು. ಎಂಟು ವರ್ಷದಿಂದ ನನ್ನ ರೊಟ್ಟಿ ಅವನ ಡಬ್ಬಿಗೆ, ಅವನ ಮೀನು ನನ್ನ ಡಬ್ಬಿಗೆ ಹೋಗುತ್ತಿತ್ತು. ನಾನು ಊರಲ್ಲಿ ಪೊಲೀಸ್ ಇಲಾಖೆಯಲ್ಲಿದ್ದೆ ಎಂದಷ್ಟೇ ಅವನಿಗೆ ಗೊತ್ತಿತ್ತು. ಅವತ್ತು ಅವನು ಎರಡು ಸಾಲುಗಳ ನಡುವಿನಿಂದ ಇಣುಕಿ, "ಢಿಶುಂ! ಪೊಲೀಸ್ರು ಖಲಾಸ್!" ಎಂದು ಕೂಗಿದ.

ತಲೆ ತಗ್ಗಿಸಿ ನೋಡಿದೆ. ಅಂಗಿಯ ಎರಡನೇ ಗುಂಡಿಯ ಹತ್ತಿರ ಚುಕ್ಕೆ ಅಲುಗಾಡುತ್ತಿತ್ತು. ಆಮೇಲೆ ಏನಾಯಿತೋ ನನಗೆ ನೆನಪಿಲ್ಲ. ಅವನ ಟೋಪಿ ನೆಲದ ಮೇಲೆ ಬಿದ್ದಿತ್ತು, ನನ್ನ ಅಂಗೈ ಉರಿಯುತ್ತಿತ್ತು.

"ಎಂತ ಮಾರಾಯ್ರೆ ನಿಮ್ಗೆ? ತಮಾಷೆಗೆ ಮಾಡಿದ್ದಲ್ವ ನಾನು?" ಎಂದ. ಅವನ ಕಣ್ಣಲ್ಲಿ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಿತ್ತು. ನಾನು ಸಾರಿ ಕೂಡ ಹೇಳಲಿಲ್ಲ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ನನ್ನ ಸಿಟ್ಟು ಯಾವಾಗಲೂ ಹೀಗೆಯೇ, ಬರಬಾರದ ಜಾಗದಲ್ಲಿ ಬರುತ್ತದೆ, ಬರಬೇಕಾದ ಜಾಗದಲ್ಲಿ ಬಾಯಿ ಮುಚ್ಚಿಕೊಂಡು ಕೂರುತ್ತದೆ.

ಸಂಜೆಯೊಳಗೆ ಸುದ್ದಿ ಮಾಲೀಕನ ಕಿವಿಗೆ ಬಿತ್ತು. ಅವನು ಅರವತ್ತೈದರ ಕುವೈತಿ, ಮಾತು ಜೋರು, ಮನಸ್ಸು ಮೆತ್ತಗೆ. ಆಫೀಸಿಗೆ ಕರೆಸಿ, ತನಗೆ ಬರುವ ಹಿಂದಿಯಲ್ಲಿ ಯಾಕೆ ಹೊಡೆದೆ ಎಂದು ಕೇಳಿದ. ಸುಳ್ಳು ಹೊಳೆಯಲಿಲ್ಲ. ಊರಲ್ಲಿ ಪೊಲೀಸ್ ಶಸ್ತ್ರಾಗಾರದಲ್ಲಿದ್ದೆ, ಬಂದೂಕು ರಿಪೇರಿ ಮಾಡುವ ಆರ್ಮರರ್ ಆಗಿದ್ದೆ, ಪಿಸ್ತೂಲಿನ ಲೇಸರ್ ಹಾಗೆ ಕಂಡಿತು, ಗಾಬರಿಯಾಯಿತು ಎಂದೆ. ಬೈಯುತ್ತಾನೆಂದುಕೊಂಡರೆ ಆಸಾಮಿ ಖುಷಿಯಾಗಿ ಕುರ್ಚಿಯಿಂದ ಎದ್ದುಬಿಟ್ಟ. ಅವನ ಬಳಿ ಲೈಸನ್ಸಿನ ಪಿಸ್ತೂಲು ಇತ್ತಂತೆ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಗುರಿ ಹಿಡಿಯಲು ನಳಿಗೆಯ ತುದಿಯಲ್ಲಿರುವ ಮೊಳೆ ಮಸುಕಾಗಿ ಕಾಣುತ್ತದಂತೆ. ತೋಟದ ಕುರಿಗಳ ಮೇಲೆ ಬೀಡಾಡಿ ನಾಯಿಗಳು ಬೀಳುತ್ತವಂತೆ. ಅದಕ್ಕೆ ಲೇಸರ್ ಹಾಕಿಸಿದ್ದಾನೆ, ಆದರೆ ಅದರಿಂದ ನಿಜವಾಗಿ ಉಪಯೋಗವಿದೆಯೋ ಇಲ್ಲವೋ ಎಂದು ಗೊತ್ತಿದ್ದವರು ಹೇಳಬೇಕು. "ಶುಕ್ರವಾರ ತೋಟಕ್ಕೆ ಬಾ. ನೋಡಿ ಹೇಳು. ಯಲ್ಲಾ, ಈಗ ಹೋಗು."

ಪರದೇಶಿ ಇಲ್ಲಿ ಬಂದೂಕು ಮುಟ್ಟಿದರೆ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಹೋಗಿ ವಿಮಾನ ಹತ್ತಬೇಕಾಗುತ್ತದೆ ಎಂದೆ. ಮುಟ್ಟಬೇಡ, ದೂರ ನಿಂತು ನೋಡು ಸಾಕು ಎಂದ. ಇಲ್ಲ ಎನ್ನಲು ಬೇರೆ ಕಾರಣ ಸಿಗಲಿಲ್ಲ. ಇದ್ದ ಒಂದೇ ನಿಜವಾದ ಕಾರಣವನ್ನು ನಾನು ಹನ್ನೊಂದು ವರ್ಷದಿಂದ ಯಾರಿಗೂ ಹೇಳಿರಲಿಲ್ಲ, ಕಟ್ಟಿಕೊಂಡವಳಿಗೂ ಹೇಳಿರಲಿಲ್ಲ.

ಈಗ ಹೇಳುತ್ತೇನೆ.

ಉತ್ತರ ಕರ್ನಾಟಕದ ನಮ್ಮ ಜಿಲ್ಲೆಯ ಶಸ್ತ್ರಾಗಾರಕ್ಕೆ ಆ ವರ್ಷ ಪರೀಕ್ಷೆಗೆಂದು ನಾಲ್ಕು ಲೇಸರ್‌ಗಳು ಬಂದಿದ್ದವು. ಪಿಸ್ತೂಲಿನ ನಳಿಗೆಯ ಕೆಳಗೆ ಕೂರಿಸುವಂಥವು, ಹೆಬ್ಬೆರಳಿನಷ್ಟು ಉದ್ದ. ಬಳಸಿ ನೋಡಿ, ಕೆಲಸಕ್ಕೆ ಬರುತ್ತದೆಯೇ ಎಂದು ಆರು ತಿಂಗಳಲ್ಲಿ ವರದಿ ಬರೆಯಬೇಕಿತ್ತು. ಬರೆಯಬೇಕಾದವನು ನಾನು. ಒಂದನ್ನು ಒಬ್ಬ ಸಬ್‌ಇನ್ಸ್‌ಪೆಕ್ಟರ್ ಕೇಳಿ ಹಾಕಿಸಿಕೊಂಡರು. ಮೂವತ್ತನಾಲ್ಕರ ಚುರುಕು ಮನುಷ್ಯ. ದರ್ಜೆಯಲ್ಲಿ ನನಗಿಂತ ಮೇಲಿದ್ದರೂ ಮಂದಿ ಇಲ್ಲದಾಗ ನನ್ನನ್ನು ಕಾಕಾ ಎನ್ನುತ್ತಿದ್ದರು.

"ಕಾಕಾ, ಖರೇ ಹೇಳ್ರಿ. ಇದು ಉಪಯೋಗಕ್ಕ ಬರ್ತೈತೋ, ಬರೇ ಆಟಿಗಿ ಸಾಮಾನೋ?"

"ಕಣ್ಮುಚ್ಚಿ ನಂಬ್ರಿ ಸಾಹೇಬ್ರ. ಚುಕ್ಕಿ ಎಲ್ಲೋ, ಗುಂಡು ಅಲ್ಲೇ," ಎಂದೆ. ಬಾಯಿಗೆ ಬಂದ ಆ ಮಾತು ನನಗೇ ಬಹಳ ಹಿಡಿಸಿತು. ಆಮೇಲೆ ಹತ್ತು ಮಂದಿಗೆ ಅದನ್ನೇ ಹೇಳಿಕೊಂಡು ತಿರುಗಿದೆ.

ನಮ್ಮ ಕಡೆ ಪೊಲೀಸರ ಗುಂಡು ಹಾರಿಸುವ ಅಭ್ಯಾಸ ನಡೆಯುವುದು ನಸುಕಿನಲ್ಲಿ. ಬಿಸಿಲು ಏರುವ ಮೊದಲು ಮುಗಿಸಬೇಕು, ಒಂಬತ್ತಕ್ಕೆ ಎಲ್ಲರೂ ಠಾಣೆಗೆ, ಬಂದೋಬಸ್ತಿಗೆ ಹೋಗಬೇಕು. ಮೊದಲಿನಿಂದಲೂ ಹಾಗೆಯೇ. ಲೇಸರನ್ನು ಗುರಿಗೆ ಹೊಂದಿಸಿದ್ದೂ ನಸುಕಿನಲ್ಲಿ, ಪರೀಕ್ಷೆ ಮಾಡಿದ್ದೂ ನಸುಕಿನಲ್ಲಿ. ಆ ಮಬ್ಬಿನಲ್ಲಿ ಚುಕ್ಕೆ ಹಣೆಯ ಕುಂಕುಮದ ಹಾಗೆ ಕಾಣುತ್ತಿತ್ತು. ಸಾಹೇಬರ ಗುರಿ ಮೊದಲು ಅಷ್ಟಕ್ಕಷ್ಟೇ ಇತ್ತು. ಲೇಸರ್ ಹಾಕಿದ ಮೇಲೆ ಐದು ಗುಂಡಿನ ತೂತುಗಳನ್ನು ಒಂದು ಅಂಗೈಯಿಂದ ಮುಚ್ಚಬಹುದಿತ್ತು. ಸಂತೋಷಕ್ಕೆ ನಮಗೆಲ್ಲ ಮಿರ್ಚಿ ಭಜಿ ತಿನ್ನಿಸಿದರು. ಆರು ತಿಂಗಳು ಅವರು ನಳಿಗೆಯ ತುದಿಯ ಗುರಿಮೊಳೆಯನ್ನು ನೋಡಲೇ ಇಲ್ಲ. ಚುಕ್ಕೆಯನ್ನಷ್ಟೇ ನೋಡಿದರು. ಅದನ್ನೂ ನೋಡ್ರಿ ಸಾಹೇಬ್ರ ಎಂದು ನಾನೂ ಹೇಳಲಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಒಮ್ಮೆ ಹಾಕಿ ನೋಡೋಣ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಇಪ್ಪತ್ತೆರಡು ವರ್ಷ ಬಂದೂಕಿನ ಜೊತೆ ಬದುಕಿದ ಶಾಣ್ಯಾ ನಾನು!

ಏಪ್ರಿಲ್ ತಿಂಗಳು, ಮಧ್ಯಾಹ್ನ ಒಂದು ಗಂಟೆ. ಸುಣ್ಣದ ಕಲ್ಲಿನ ಕ್ವಾರಿಯೊಂದರಲ್ಲಿ ಅಡಗಿದ್ದ ಒಬ್ಬನನ್ನು ಹಿಡಿಯಲು ಸಾಹೇಬರು ಇಬ್ಬರು ಕಾನ್‌ಸ್ಟೇಬಲ್‌ಗಳನ್ನು ಕರೆದುಕೊಂಡು ಹೋದರು. ಅವನು ಮಚ್ಚು ಹಿಡಿದು ಎದುರಿಗೆ ಬಂದ. ಸಾಹೇಬರು ಪಿಸ್ತೂಲು ತೆಗೆದು ಎರಡೂ ಕೈ ಚಾಚಿ ನಿಂತರು. ಗುಂಡು ಹಾರಿಸಲಿಲ್ಲ. ಅವನು ಹತ್ತಿರ ಬಂದ, ಇನ್ನೂ ಹತ್ತಿರ ಬಂದ. ಆಗಲೂ ಹಾರಿಸಲಿಲ್ಲ. ಮೊದಲ ಏಟು ಕುತ್ತಿಗೆಗೇ ಬಿತ್ತು. ಹಿಂದಿನ ದಿಬ್ಬದ ಮೇಲಿದ್ದ ಇಬ್ಬರೂ ವಿಚಾರಣೆಯಲ್ಲಿ ಒಂದೇ ಮಾತು ಹೇಳಿದರು: "ಸಾಹೇಬ್ರು ಸುಮ್ನ ನಿಂತೇ ಬಿಟ್ರು."

ಅಂದು ಸಂಜೆ ಆ ಪಿಸ್ತೂಲನ್ನು ಗುಂಡು ತೆಗೆದು ಸುರಕ್ಷಿತ ಮಾಡಲು ನನ್ನ ಮೇಜಿಗೆ ತಂದರು. ತಂದಿಟ್ಟವರು ಸಹಿಗೆ ಕಾಗದ ತರಲು ಹೊರಗೆ ಹೋದರು. ಶಸ್ತ್ರಾಗಾರದೊಳಗೆ ಯಾವಾಗಲೂ ಅರೆಗತ್ತಲು. ಪಿಸ್ತೂಲಿಗೆ ಸುತ್ತಿದ್ದ ಅರಿವೆ ಬಿಚ್ಚಿದೆ. ಎದುರಿನ ಗೋಡೆಯ ಮೇಲೆ ಕೆಂಪು ಚುಕ್ಕೆ ಕೂತಿತ್ತು.

ಲೇಸರ್ ಇನ್ನೂ ಉರಿಯುತ್ತಿತ್ತು. ಅದರ ಗುಂಡಿ ಒತ್ತಿ ಹೊತ್ತಿಸಿದ್ದು ಸಾಹೇಬರೇ. ಮ್ಯಾಗಜಿನ್ ತುಂಬಿತ್ತು, ನಳಿಗೆಯಲ್ಲೂ ಒಂದು ಗುಂಡು ತಯಾರಿತ್ತು. ನನಗೆ ಎಲ್ಲ ತಿಳಿದುಹೋಯಿತು. ಅವರು ಸುಮ್ಮನೆ ನಿಂತಿರಲಿಲ್ಲ. ಬಿಳಿ ಕಲ್ಲಿನ ಮೇಲೆ, ಬಿಳಿ ಬಿಸಿಲಲ್ಲಿ, ಎದುರಿಗಿದ್ದವನ ಎದೆಯ ಮೇಲೆ ಚುಕ್ಕೆ ಹುಡುಕುತ್ತಿದ್ದರು. ಕಾಣಲಿಲ್ಲ. ಕಾಣುವ ತನಕ ಹೊಡೆಯಬಾರದು ಎಂದು ಅವರ ಕಣ್ಣಿಗೆ ಕಲಿಸಿದವನು ನಾನು.

ನಾನು ಬೆರಳು ಚಾಚಿ ಲೇಸರನ್ನು ಆರಿಸಿದೆ.

ಯಾರೂ ನೋಡಲಿಲ್ಲ. ಕಾಗದದಲ್ಲಿ ಬರೆದೆ: ಪಿಸ್ತೂಲು ಸುಸ್ಥಿತಿಯಲ್ಲಿದೆ, ದೋಷವಿಲ್ಲ. ಬರೆದದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಲೇಸರ್ ಹತ್ತಿತ್ತು ಎಂದು ಬರೆದಿದ್ದರೆ, ನಸುಕಿನಲ್ಲಷ್ಟೇ ಪರೀಕ್ಷಿಸಿ 'ಬಹಳ ಉಪಯುಕ್ತ' ಎಂದು ಆ ತಿಂಗಳಷ್ಟೇ ಸಹಿ ಹಾಕಿ ಕಳುಹಿಸಿದ ವರದಿ ನನ್ನ ಕುತ್ತಿಗೆಗೆ ಬರುತ್ತಿತ್ತು. ಇಲಾಖಾ ವಿಚಾರಣೆ, ಸಸ್ಪೆಂಡ್, ಪಿಂಚಣಿಗೆ ಕಲ್ಲು. ಅಷ್ಟಕ್ಕೆ ಹೆದರಿದೆ.

ಪಿಸ್ತೂಲಿನಲ್ಲಿ ದೋಷವಿಲ್ಲ ಎಂದ ಮೇಲೆ ದೋಷ ಯಾರದ್ದು? ಊರು ಅದಕ್ಕೆ ಉತ್ತರ ಕಂಡುಕೊಂಡಿತು. ಹೆದರಿ ನಿಂತನಂತೆ, ಕೈಯಲ್ಲಿ ಪಿಸ್ತೂಲಿದ್ದೂ ಕೊರಳು ಕೊಟ್ಟನಂತೆ. ಸಾಹೇಬರನ್ನು ಮಣ್ಣು ಮಾಡಿದ ದಿನ ಅವರ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಳು, "ಪಿಸ್ತೂಲ್ ಕೈಕೊಟ್ಟಿತೇನ್ರಿ ಕಾಕಾ?" ಹತ್ತು ವರ್ಷದ ಮಗಳು ಅವಳ ಸೆರಗು ಹಿಡಿದು ನಿಂತಿದ್ದಳು. "ಇಲ್ಲವ್ವ, ಪಿಸ್ತೂಲ್ ಸರಿ ಇತ್ತು," ಎಂದೆ. ಹುತಾತ್ಮರ ದಿನ ಅವರ ಹೆಸರು ಓದಿದಾಗ ಸಾಲಿನಲ್ಲಿ ನಿಂತ ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದಿನ ವರ್ಷ ನಾನು ಸ್ವಯಂ ನಿವೃತ್ತಿ ತೆಗೆದುಕೊಂಡೆ. ಮತ್ತೊಂದು ವರ್ಷಕ್ಕೆ ಕುವೈತಿಗೆ ಬಂದೆ. ಮಂಗಫಿನ ಒಂದು ಕೋಣೆ, ಮೂರು ಮಂಚ, ಕಂಪನಿ ಬಸ್ಸು, ಗೋದಾಮು. ಇಲ್ಲಿ ಯಾರಿಗೂ ಆ ವಿಷಯ ಗೊತ್ತಿಲ್ಲ ಎಂಬುದೇ ನನಗೆ ಬೇಕಾಗಿತ್ತು.

ಆದರೆ ಓಡಿಬಂದದ್ದಾದರೂ ಎಂಥ ಜಾಗಕ್ಕೆ, ನೋಡಿ! ಎಲ್ಲರನ್ನೂ ದೆವ್ವ ರಾತ್ರಿ ಕಾಡುತ್ತದೆ, ನನ್ನನ್ನು ಕಾಡುವುದು ಮಧ್ಯಾಹ್ನ ಹನ್ನೆರಡರ ಮೇಲೆ. ಇಲ್ಲಿ ವರ್ಷದ ಎಂಟು ತಿಂಗಳು ಮಧ್ಯಾಹ್ನವೇ. ಗೋದಾಮಿನ ಬಾಗಿಲು ತೆರೆದರೆ ಎದುರಿನ ಬಿಳಿ ಗೋಡೆ ಕಣ್ಣಿಗೆ ಬಡಿಯುತ್ತದೆ. ಆಗ ನನ್ನ ಕಣ್ಣು ತಾನಾಗಿ ಆ ಗೋಡೆಯ ಮೇಲೆ ಚುಕ್ಕೆ ಹುಡುಕುತ್ತದೆ. ಸಿಗುವುದಿಲ್ಲ. ಯಾರೋ ಪಕ್ಕದಲ್ಲಿ ನಿಂತು ನನ್ನ ಜೊತೆ ತಾವೂ ಹುಡುಕುತ್ತಿದ್ದಾರೆ ಎನ್ನಿಸುತ್ತದೆ. ಎಷ್ಟೋ ಸಲ ತಿರುಗಿ ನೋಡಿದ್ದೇನೆ.

ಶುಕ್ರವಾರ ನನ್ನನ್ನು ತೋಟಕ್ಕೆ ಕರೆದೊಯ್ದವನು ಅದೇ ಸ್ಟೋರ್‌ಕೀಪರ್. ಕಾರು ಅವನದೇ. ಏಟು ತಿಂದವನು ಎರಡೇ ದಿನಕ್ಕೆ ಮತ್ತೆ ನಗುತ್ತಿದ್ದ. "ಮೊನ್ನೆ ನೀವು ಕೊಟ್ಟದ್ದಕ್ಕೆ ನನ್ನ ದವಡೆ ಹಲ್ಲು ಸಹ ಸರಿಯಾಯ್ತು ಮಾರಾಯ್ರೆ, ಡಾಕ್ಟ್ರಿಗೆ ಕೊಡುವ ದುಡ್ಡು ಉಳೀತು," ಎಂದ. ಆಗ ಕ್ಷಮೆ ಕೇಳಿದೆ. "ಬಿಡಿ ಬಿಡಿ," ಎಂದ.

ನಾವು ಮುಟ್ಟುವಷ್ಟರಲ್ಲಿ ಜುಮ್ಮಾ ನಮಾಜು ಮುಗಿದಿತ್ತು, ಬಿಸಿಲು ನೆತ್ತಿಯ ಮೇಲಿತ್ತು. ಮಾಲೀಕ ಮೊದಲು ಕುರಿಗಳ ಕೊಟ್ಟಿಗೆಯೊಳಗೆ, ತಗಡಿನ ನೆರಳಿನಲ್ಲಿ, ಖಾಲಿ ಪಿಸ್ತೂಲು ಹಿಡಿದು ತೋರಿಸಿದ. ಖಾಲಿಯೇ ಎಂದು ಎರಡು ಸಲ ಬಿಚ್ಚಿಸಿ ನೋಡಿದೆ. ಮೇವಿನ ಕಟ್ಟಿನ ಮೇಲೆ ಚುಕ್ಕೆ ಸ್ಪಷ್ಟವಾಗಿ ಬಿತ್ತು. ಅವನ ಕೈ ನಡುಗಿದಂತೆಲ್ಲ ಅದೂ ನಡುಗಿತು. ಇದು ಲೇಸರಿನ ನಿಜವಾದ ಗುಣ, ಕೈಯ ಕಳ್ಳತನವನ್ನು ಬಚ್ಚಿಡುವುದಿಲ್ಲ, ಕಲಿಯುವವರಿಗೆ ಒಳ್ಳೆಯದು ಎಂದೆ. ಮಸುಕು ಕಣ್ಣಿನವರಿಗೂ ನೆರಳಲ್ಲಿ, ಮನೆಯೊಳಗೆ ನೆರವಾಗುತ್ತದೆ ಎಂದೆ. ನಾನು ಅನ್ಯಾಯದ ಮಾತು ಆಡಬಾರದಲ್ಲ.

"ಹಾಗಾದರೆ ಒಳ್ಳೆಯದೇ," ಎನ್ನುತ್ತ ಅವನು ಬಿಸಿಲಿಗೆ ಬಂದ.

ಮೂವತ್ತು ಹೆಜ್ಜೆ ದೂರದಲ್ಲಿ ಸುಣ್ಣ ಬಳಿದ ಗೋಡೆಯಿತ್ತು. ಅದರ ಕಡೆಗೆ ಎರಡೂ ಕೈ ಚಾಚಿದ. ನಿಂತ. ಕತ್ತನ್ನು ಸ್ವಲ್ಪ ಎಡಕ್ಕೆ ಸರಿಸಿದ. ಸ್ವಲ್ಪ ಬಲಕ್ಕೆ. ನೆಲಕ್ಕೆ ಬಿದ್ದ ಸೂಜಿ ಹುಡುಕುವವರ ಹಾಗೆ ಕಣ್ಣು ಕಿರಿದು ಮಾಡಿದ. ತೋರುಬೆರಳು ಟ್ರಿಗರಿನ ಹೊರಗೇ ಕಾಯುತ್ತಿತ್ತು. ಒಂದು, ಎರಡು, ಮೂರು, ನಾಲ್ಕು. ಅವನ ಭುಜಗಳು ಇನ್ಯಾರದೋ ಭುಜಗಳಾಗಿ ಕಂಡವು. ಗೋಡೆಯ ಮುಂದಿನ ಮರಳಿನಲ್ಲಿ ಯಾರೋ ನಡೆದುಬರುತ್ತಿದ್ದರು, ನನಗೆ ಕಂಡಿತು, ಆಣೆ ಮಾಡಿ ಹೇಳುತ್ತೇನೆ.

"ಹೊಡೀರಿ ಸಾಹೇಬ್ರ! ಚುಕ್ಕಿ ಬ್ಯಾಡ! ಹೊಡೀರಿ!"

ಕೂಗಿದವನು ನಾನೇ. ಕುರಿಗಳು ಬೆದರಿ ಓಡಿದವು. ಮಾಲೀಕ ಪಿಸ್ತೂಲು ತಗ್ಗಿಸಿ ಹಿಂತಿರುಗಿ ನೋಡಿದ. ಅವನಿಗೆ ಕನ್ನಡ ಬಾರದು, ಆದರೆ ನನ್ನ ಮುಖ ನೋಡಿ ಏನೋ ತಿಳಿದುಕೊಂಡ. ಒಳಗೆ ಕರೆದುಕೊಂಡು ಹೋಗಿ ನೀರು ಕೊಡಿಸಿದ. ನಾನು ಸುಧಾರಿಸಿಕೊಂಡು ಹೇಳಿದೆ: "ತೆಗೆಸಿಬಿಡಿ. ಬಿಸಿಲಲ್ಲಿ ಅದು ಕಾಣುವುದಿಲ್ಲ. ಅದು ಕಾಣದಿದ್ದರೆ ಹೋಗಲಿ, ಹುಡುಕುವುದನ್ನು ಕಲಿತ ಕಣ್ಣು ಹುಡುಕುತ್ತಲೇ ಇರುತ್ತದೆ. ಅಷ್ಟರಲ್ಲಿ ಎಲ್ಲ ಮುಗಿಯುತ್ತದೆ. ನಾಯಿಗಳಿಗೆ ಬೇಲಿ ಕಟ್ಟಿಸಿ." ಅವನು "ಖಲಾಸ್," ಎಂದ. ನನ್ನೆದುರಿಗೇ ಸ್ಕ್ರೂ ತಿರುಗಿಸಿ ಲೇಸರನ್ನು ಬಿಚ್ಚಿಟ್ಟ.

ವಾಪಸು ಬರುವಾಗ ಸ್ಟೋರ್‌ಕೀಪರ್ ಅರ್ಧ ದಾರಿಯವರೆಗೆ ಕಾರಿನ ರೇಡಿಯೋ ಹಾಕುತ್ತ ಆರಿಸುತ್ತ ಇದ್ದ. ಆಮೇಲೆ ಕೇಳಿದ, "ಯಾರು ಮಾರಾಯ್ರೆ ಆ ಸಾಹೇಬ್ರು?" ಎಲ್ಲ ಹೇಳಿದೆ. ಲೇಸರ್ ಆರಿಸಿದ್ದನ್ನೂ ಹೇಳಿದೆ. ಫಹಾಹೀಲಿನ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಅವನು ನನ್ನ ಕಡೆ ತಿರುಗಿದ.

"ನನ್ನ ಹತ್ರ ಹೇಳಿ ಎಂತ ಪ್ರಯೋಜನ? ನಾನು ಅವ್ರಿಗೆ ಎಂತ ಆಗ್ಬೇಕು? ಆ ಹೆಂಗಸಿಗೆ ಹೇಳಿ. ಇವತ್ತೇ ಹೇಳಿ. ನಾಳೆ ಅಂತ ಹೇಳಿದ್ರೆ ನೀವು ಹೇಳುವುದಿಲ್ಲ, ನಂಗೆ ಗೊತ್ತುಂಟು."

ನನಗೆ ಅವನ ಮೇಲೆ ಸಿಟ್ಟು ಬಂತು. ಇವನ್ಯಾರು ನನಗೆ ಬುದ್ಧಿ ಹೇಳಲು, ಎಂದುಕೊಂಡೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು.

ಕೋಣೆಗೆ ಬಂದಾಗ ನಾಲ್ಕೂವರೆ. ಊರಲ್ಲಿ ಏಳು ಗಂಟೆ. ಜೊತೆಯವರಿಬ್ಬರೂ ಪೇಟೆಗೆ ಹೋಗಿದ್ದರು. ಸಾಹೇಬರ ಹೆಂಡತಿಯ ನಂಬರು ನನ್ನ ಫೋನಿನಲ್ಲಿ ಹನ್ನೊಂದು ವರ್ಷದಿಂದ ಇತ್ತು, ಫೋನು ಬದಲಾದಾಗಲೆಲ್ಲ ಅದನ್ನೂ ಹೊತ್ತು ತಂದಿದ್ದೆ. ಅನುಕಂಪದ ಮೇಲೆ ಕೊಟ್ಟ ಗುಮಾಸ್ತೆಯ ಕೆಲಸದಲ್ಲಿದ್ದಾಳೆ ಎಂದು ಕೇಳಿದ್ದೆ. ಒಂದೇ ರಿಂಗಿಗೆ ಎತ್ತಿದಳು. ಯಾರೆಂದು ಹೇಳಿದೆ. "ಆರಾಮದೀರೇನ್ರಿ ಕಾಕಾ?" ಎಂದಳು, ನಿನ್ನೆಯಷ್ಟೇ ಮಾತಾಡಿದವಳಂತೆ. ಆ ಕಾಕಾ ಎಂಬ ಮಾತಿಗೆ ಕೂತಿದ್ದವನು ಎದ್ದು ನಿಂತೆ.

ನಿಂತುಕೊಂಡೇ ಹೇಳಿದೆ. ನಸುಕಿನ ಪರೀಕ್ಷೆ, ಕಣ್ಮುಚ್ಚಿ ನಂಬ್ರಿ ಎಂದದ್ದು, ಗೋಡೆಯ ಮೇಲಿನ ಚುಕ್ಕೆ, ನನ್ನ ಬೆರಳು, ನಾನು ಬರೆದ ಕಾಗದ. ಅವರು ಹೆದರಿ ನಿಂತಿರಲಿಲ್ಲವ್ವ, ನಾ ಕೊಟ್ಟ ಚುಕ್ಕಿ ಹುಡುಕಾಕತ್ತಿದ್ರು ಎಂದೆ. ಆ ಕಡೆ ಫೋನು ಕೈ ಬದಲಾಯಿಸಿದ ಸದ್ದಾಯಿತು. ಬೇರೆ ದನಿ ಬಂತು. ಮಗಳು. ಈಗ ಇಪ್ಪತ್ತೊಂದಿರಬೇಕು. ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡಿದ್ದಳು.

"ಅವ್ವ ಅಳಾಕತ್ತಾಳ್ರಿ. ನಾ ಮಾತಾಡ್ತೀನಿ. ಲೇಸರ್ ಹತ್ತಿತ್ತು ಅಂದ್ರಿ. ಖರೇ ಏನು?"

"ಖರೇ ಅವ್ವ."

"ನೀವ ಆರಿಸಿದ್ರಿ."

"ಹೌದು."

"ಯಾಕ?"

ಇಷ್ಟು ವರ್ಷ ಈ ಪ್ರಶ್ನೆಗೆ ಎಷ್ಟೆಷ್ಟೋ ಉತ್ತರ ಕಟ್ಟಿಟ್ಟುಕೊಂಡಿದ್ದೆ. ಅವನ್ನೆಲ್ಲ ಬಿಟ್ಟು, "ಹೆದರಿದ್ದೆ," ಎಂದೆ.

"ಸಾಲಿಯೊಳಗ ನನಗ ಏನಂತಿದ್ರು ಗೊತ್ತೇನ್ರಿ ನಿಮಗ?" ಎಂದಳು. ಮಗಳ ದನಿಯಲ್ಲಿ ಅಳು ಇರಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

"ನಾ ಏನ್ ಮಾಡ್ಲಿ ಹೇಳವ್ವ? ಮಾಡ್ತೀನಿ. ಸಾಹೇಬ್ರು ಹೆದರಿರಲಿಲ್ಲ ಅಂತ ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ," ಎಂದೆ.

"ಅದು ಬ್ಯಾಡ್ರಿ. ನಮ್ಮಪ್ಪ ಹೆದರಿರಲಿಲ್ಲ ಅಂತ ನಾನೂ ಅವ್ವಾನೂ ಹನ್ನೊಂದು ವರ್ಷ ಹೇಳ್ಕೋತ ಬಂದೀವಿ, ಯಾರೂ ಕೇಳಿಲ್ಲ. ನೀವು ಹೆದರಿದ್ರಿ ಅಂತ ಬರದು, ಹೆಸರು ಹಾಕಿ, ಸಹಿ ಮಾಡಿ ಕೊಡ್ರಿ. ಅದನ್ನ ಕೇಳ್ತಾರ."

ಫೋನು ಇಟ್ಟಳು. ಸ್ಟೋರ್‌ಕೀಪರ್ ನಾಳೆಯ ಬಗ್ಗೆ ಹೇಳಿದ್ದು ಸರಿಯಾಗಿತ್ತು, ಹಾಗಾಗಿ ಆಗಲೇ ಕಾಗದ ತೆಗೆದು ಕೂತೆ. ಮೊದಲ ಸಾಲು ಬರೆಯಲು ಕತ್ತಲಾಗುವ ತನಕ ಹಿಡಿಯಿತು: ನಾನು ಹೆದರಿದ್ದೆ.